ದಾವಣಗೆರೆಯಲ್ಲೇ ಇದ್ದು ಹೆಣ್ಣಾಗಿ ಬದುಕೋಕೆ ಆಗುತ್ತಾ? ಅನುಭವ ಇರುವ ಅಕ್ಕಂದಿರು ಹೇಳಿ

ಮಂಡಿಪೇಟೆ ಹುಡುಗಿ: ನನಗೆ 23 ವರ್ಷ. ಮಂಡಿಪೇಟೆಯ ಬಟ್ಟೆ ಅಂಗಡಿಯಲ್ಲಿ ಕೆಲಸ. ಎಲ್ಲರ ಕಣ್ಣಿಗೆ ಗಂಡು, ಒಳಗೆ ಯಾವತ್ತೂ ಹೆಣ್ಣೇ. ಅಕ್ಕನಿಗೆ ಮಾತ್ರ ಹೇಳಿದ್ದೇನೆ. ಅಪ್ಪನಿಗೆ ಗೊತ್ತಾದರೆ ಮನೆಯಿಂದ ಆಚೆ. ಹಾರ್ಮೋನು ಮಾತ್ರೆ ಇನ್ನೂ ಶುರು ಮಾಡಿಲ್ಲ. ಊರು ಬಿಡದೆ, ಕೆಲಸ ಬಿಡದೆ ಮುಂದೆ ಹೋದವರು ಇದ್ದೀರಾ? ಮೊದಲು ಏನು ಮಾಡಿದಿರಿ?

ದುರ್ಗದ ಟೈಲರ್: ನಾನು ಚಿತ್ರದುರ್ಗ ಬಿಟ್ಟಿಲ್ಲ, ಬಿಡೋದೂ ಇಲ್ಲ. ಖರ್ಚು ಯಾರೂ ಬಿಡಿಸಿ ಹೇಳಲ್ಲ, ನಾನು ಹೇಳುತ್ತೇನೆ. ಮಾತ್ರೆಗೆ ತಿಂಗಳಿಗೆ 1,200 ರೂಪಾಯಿ. ರಕ್ತ ಪರೀಕ್ಷೆ ಮಾಡಿಸಿದಾಗಲೆಲ್ಲ ಹಾರ್ಮೋನು, ಲಿವರ್, ಪೊಟ್ಯಾಸಿಯಂ ಎಲ್ಲ ಸೇರಿ 3,000 ದಾಟುತ್ತಿತ್ತು. ಗಡ್ಡ ಮಾತ್ರೆಗೆ ಜಗ್ಗಲ್ಲ, ದನಿಯೂ ಬದಲಾಗಲ್ಲ. ಲೇಸರ್‌ಗೆ ಒಂದು ಸಲಕ್ಕೆ 2,500. ಮಾಡಿಸಿ ಬಂದ ದಿನ ಮೂಗಿನ ಹತ್ತಿರ ಕೂದಲು ಸುಟ್ಟ ವಾಸನೆ ಸಂಜೆವರೆಗೂ ಇರುತ್ತಿತ್ತು, ಆದರೆ ಮಧ್ಯಾಹ್ನದ ಹೊತ್ತಿಗೆ ಪೌಡರ್ ಕೆಳಗಿಂದ ಗಡ್ಡದ ಹಸಿರು ಕಾಣಿಸೋದು ನಿಂತಿತಲ್ಲ, ನನಗೆ ಅದೇ ದೊಡ್ಡದು. ಹೆಣ್ಣಾಗೋ ಆಪರೇಷನ್‌ಗೆ ಬೆಂಗಳೂರಿನಲ್ಲಿ 3 ಲಕ್ಷ 40 ಸಾವಿರ ಅಂದರು. ಬಿಲ್ ಕೈಗೆ ಬಂದಾಗ 4 ಲಕ್ಷ 10 ಸಾವಿರ. ರೂಮ್ ಬಾಡಿಗೆ, ಜೊತೆಗಿದ್ದವಳ ಊಟ, ಡ್ರೆಸ್ಸಿಂಗ್, ಒಳದಾರಿ ಮುಚ್ಚಿಕೊಳ್ಳದಂತೆ ಬಳಸುವ ಡೈಲೇಟರ್ ಎಲ್ಲ ಬೇರೆ. ಚೀಟಿ ಎತ್ತಿದ್ದೆ, ಸಂಘದ ಸಾಲದ ಕಂತು ಇವತ್ತಿಗೂ ಕಟ್ಟುತ್ತಿದ್ದೇನೆ. ಆಪರೇಷನ್ ಹೊಲಿಗೆ ಒಂದು ಕಡೆ ಬಿಟ್ಟುಕೊಂಡಿತು. ಆಸ್ಪತ್ರೆಯವರು ಫೋನ್ ಎತ್ತಲಿಲ್ಲ, ಇಲ್ಲಿನ ಡಾಕ್ಟರು ಮಾಡಿದವರ ಹತ್ತಿರವೇ ಹೋಗಿ ಅಂದರು. ಮಿಷನ್ ಮುಂದೆ ಕೂರೋಕೆ ಆಗದೆ ಗೌರಿ ಹಬ್ಬದ ಸೀಸನ್ ಪೂರ್ತಿ ಹೋಯಿತು. ಆದರೂ ಇವತ್ತು ಬೀದಿಯ ಹೆಂಗಸರು ರವಿಕೆ ಅಳತೆ ಕೊಡೋಕೆ ನನ್ನ ಮುಂದೆ ಸೆರಗು ಸರಿಸಿ, ಕೈ ಎತ್ತಿ ನಿಲ್ಲುತ್ತಾರೆ. ಯಾರಿಗೂ ಸಂಕೋಚ ಇಲ್ಲ. ಇನ್ನೊಂದು ಮಾತು, ಡಾಕ್ಟರ್ ಇಲ್ಲದೆ ಮೆಡಿಕಲ್ ಶಾಪ್‌ನ ಗರ್ಭನಿರೋಧಕ ಮಾತ್ರೆ ನುಂಗಬೇಡ. ನನ್ನ ಗೆಳತಿಗೆ ಕಾಲಲ್ಲಿ ರಕ್ತ ಹೆಪ್ಪುಗಟ್ಟಿ ಐಸಿಯು ಸೇರಿದಳು.

ಹುಲಿಗಿ ಹುಣ್ಣಿಮೆ: ತಂಗಿ, ಈ ಲೆಕ್ಕ ಓದಿ ಹೆದರಬೇಡ. ನಾನು ಒಂದು ಮಾತ್ರೆ ನುಂಗಿದವಳಲ್ಲ. ಹುಲಿಗೆಮ್ಮನ ಹೆಸರಲ್ಲಿ ಮುತ್ತು ಕಟ್ಟಿಸಿಕೊಂಡು ದೇವಿಯವಳಾದೆ, ಸೀರೆ ಉಟ್ಟೆ, ನಮ್ಮಂಥವರ ಗುರು ಮನೆ ಸೇರಿದೆ. ನನ್ನನ್ನು ಹೊಡೆದು ಹೊರಹಾಕಿದ ಅಣ್ಣನೇ ಆಮೇಲೆ ಅಮ್ಮನ ಪಡ್ಲಿಗೆ (ಬುಟ್ಟಿ) ತುಂಬೋಕೆ ಅಕ್ಕಿ ತಂದ. ನಮ್ಮ ಹಾಗೇ ಇರುವ ಮಂಜಮ್ಮ ಜೋಗತಿಯವರು ಜೋಗತಿ ಕುಣಿತದ ಮೊದಲ ಪಾಠ ಕಲಿತದ್ದು ನಿಮ್ಮ ದಾವಣಗೆರೆ ಬಸ್ ಸ್ಟ್ಯಾಂಡ್‌ನಲ್ಲಿ ಕುಣಿಯುತ್ತಿದ್ದ ಅಪ್ಪ-ಮಗನ ಹತ್ತಿರ. 2019ರಲ್ಲಿ ಜಾನಪದ ಅಕಾಡೆಮಿ ಅಧ್ಯಕ್ಷೆ ಆದರು, 2021ರಲ್ಲಿ ಪದ್ಮಶ್ರೀ ಬಂತು. ಅವರನ್ನು ನೋಡಿ ಧೈರ್ಯ ತಗೋ.

ದುರ್ಗದ ಟೈಲರ್: ಪದ್ಮಶ್ರೀ ಒಬ್ಬರಿಗೆ ಬಂತು. ಮುತ್ತು ಕಟ್ಟಿಸಿಕೊಂಡು ಮುದುಕಿಯಾಗಿ ಜಾತ್ರೆಯಲ್ಲಿ ಕೈ ಚಾಚೋರು ಎಷ್ಟು ಜನ ಇಲ್ಲ? ಅಂಗಡಿ ಕೆಲಸ ಇರುವ ಹುಡುಗಿಗೆ ಇದನ್ನು ಯಾಕೆ ಹೇಳುತ್ತೀರಿ? 1982ರಲ್ಲೇ ದೇವದಾಸಿ ನಿಷೇಧ ಕಾಯ್ದೆ ಬಂದಿದೆ.

ಹುಲಿಗಿ ಹುಣ್ಣಿಮೆ: ಬಾಯಿಗೆ ಬಂದದ್ದು ಬರೀಬೇಡ. ಏನೂ ಅರಿಯದ ಹೆಣ್ಣುಮಕ್ಕಳನ್ನು ದೇವರ ಹೆಸರಲ್ಲಿ ಬಿಡೋದು ಬೇರೆ, ಮನೆಯವರು ಬೀದಿಗೆ ಹಾಕಿದಾಗ ಅಮ್ಮನ ಗುಡಿಗೆ ನಾನೇ ನಡೆದು ಹೋದದ್ದು ಬೇರೆ. ನಾಲ್ಕು ಲಕ್ಷ ಇದ್ದವಳು ನೀನು. ನನ್ನ ಹತ್ತಿರ ಬಸ್ ಚಾರ್ಜ್ ಕೂಡ ಇರಲಿಲ್ಲ.

ದುರ್ಗದ ಟೈಲರ್: ಇದ್ದದ್ದಲ್ಲ, ಸಾಲ!

ಹರಿಹರದ ಅತಿಥಿ ಉಪನ್ಯಾಸಕಿ: ಇಬ್ಬರೂ ಕಾಗದ ಪತ್ರದ ಮಾತೇ ಎತ್ತಲಿಲ್ಲ. ನಾನು ಅಲ್ಲಿಂದಲೇ ಶುರು ಮಾಡಿದ್ದು. ಆಪರೇಷನ್ ಆಗಿರಲಿ ಬಿಡಲಿ, ತಾನು ಯಾರು ಅಂತ ಹೇಳಿಕೊಳ್ಳುವ ಹಕ್ಕು ನಮ್ಮದೇ ಅಂತ ಸುಪ್ರೀಂ ಕೋರ್ಟ್ 2014ರಲ್ಲೇ ಹೇಳಿತ್ತು. 2019ರ ಕಾಯ್ದೆ ಪ್ರಕಾರ ಗುರುತಿನ ಪತ್ರ ಕೊಡೋರು ಜಿಲ್ಲಾಧಿಕಾರಿ. ನಾನು 2022ರಲ್ಲಿ ಕೇಂದ್ರದ ಪೋರ್ಟಲ್‌ನಲ್ಲಿ ಅರ್ಜಿ ಹಾಕಿದೆ. ಆಗ ಅಫಿಡವಿಟ್ ಸಾಕಾಯಿತು, ಯಾವ ಡಾಕ್ಟರೂ ಮೈ ಮುಟ್ಟಲಿಲ್ಲ. ನಿಜವಾದ ಗೋಳು ಅಂಕಪಟ್ಟಿಯದು. ಆಧಾರ್‌ನಲ್ಲಿ ಹೊಸ ಹೆಸರು, ಎಸ್ಸೆಸ್ಸೆಲ್ಸಿಯಿಂದ ಎಂಎವರೆಗೆ ಹಳೇ ಹೆಸರು. ಒಂದು ಕಚೇರಿಯವರು ಹೆಸರು ಬದಲಾದ ಗೆಜೆಟ್ ಪ್ರಕಟಣೆ ತನ್ನಿ ಅಂದರು, ತಂದುಕೊಟ್ಟೆ. ಪೇಪರ್ ಜಾಹೀರಾತು ಎರಡು ಭಾಷೆಯಲ್ಲಿ ಬೇಕು ಅಂದರು, 1,800 ಕೊಟ್ಟು ಹಾಕಿಸಿದೆ. ಆಮೇಲೆ ಇನಿಷಿಯಲ್‌ನ ಚುಕ್ಕೆ ತಪ್ಪಿದೆ ಅಂತ ವಾಪಸ್. ಅಷ್ಟರಲ್ಲಿ ಒಂದು ನೇಮಕಾತಿಯ ಕೊನೆ ದಿನ ಕಳೆದುಹೋಯಿತು. 2021ರಿಂದ ಸರ್ಕಾರಿ ಕೆಲಸದಲ್ಲಿ ನಮಗೆ 1% ಮೀಸಲಾತಿ ಇದೆ, ದೇಶದಲ್ಲೇ ಮೊದಲು ನಮ್ಮ ರಾಜ್ಯ ಕೊಟ್ಟದ್ದು. ಕೈಯಲ್ಲಿ ಪತ್ರ ಇಲ್ಲದವರಿಗೆ ಅದರಿಂದ ಏನು ಬಂತು? ಓದಿದವರು ಟೋಲ್ ಗೇಟ್‌ಗೆ ಬೇಡೋಕೆ ಹೋಗಬಾರದು.

ಟೋಲ್ ಅಕ್ಕ: ಟೋಲ್ ಗೇಟ್ ಅಂದರೆ ಅಷ್ಟು ಕೀಳಾ ಮೇಡಂ? ಅಲ್ಲಿ ಲಾರಿ ಕಿಟಕಿಗೆ ಚಪ್ಪಾಳೆ ತಟ್ಟಿದ ದುಡ್ಡಲ್ಲೇ ನನ್ನ ತಮ್ಮ ಐಟಿಐ ಮುಗಿಸಿದ, ಅವ್ವನ ಕಣ್ಣಿನ ಪೊರೆ ತೆಗೆಸಿದೆ. ಬಿಎ ಮಾಡಿ ಎಷ್ಟು ಅಂಗಡಿ ಹತ್ತಿ ಇಳಿದೆ ಅಂತ ನಿಮಗೇನು ಗೊತ್ತು? ನೋಡಿ ಹೇಳುತ್ತೇವೆ ಅಂದವರು ಯಾರೂ ಫೋನ್ ಮಾಡಲಿಲ್ಲ.

ಹರಿಹರದ ಅತಿಥಿ ಉಪನ್ಯಾಸಕಿ: ನಾನು ನಿಮ್ಮನ್ನು ಅಂದದ್ದಲ್ಲ.

ಟೋಲ್ ಅಕ್ಕ: ಮತ್ತೆ ಯಾರನ್ನು ಅಂದದ್ದು?

ಕೆಟಿಜೆ ನಗರ: ನನ್ನ ತಂಗಿ ಹೀಗೆ, ಅದಕ್ಕೆ ಬರೆಯುತ್ತಿದ್ದೇನೆ. ಅಪ್ಪನಿಗೆ ಗೊತ್ತಾದ ಕೂಡಲೇ ಒಬ್ಬ ಡಾಕ್ಟರ ಹತ್ತಿರ ಎಳೆದುಕೊಂಡು ಹೋದರು. ಗಂಡಸುತನದ ಇಂಜೆಕ್ಷನ್ ಕೊಟ್ಟು ಸರಿ ಮಾಡುತ್ತೇನೆ ಅಂದ, 22,000 ತಗೊಂಡ. ಅವಳು ಊಟ ಬಿಟ್ಟಳು. ಹೀಗೆ "ಸರಿ ಮಾಡೋದು" ವೃತ್ತಿ ದುರ್ನಡತೆ ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ. ಅದನ್ನು ಪ್ರಿಂಟ್ ತೆಗೆದು ಅಪ್ಪನ ಮುಂದೆ ಇಟ್ಟೆ. ಆಮೇಲೆ ಅವರು ಮತ್ತೆ ಕರೆದುಕೊಂಡು ಹೋಗಲಿಲ್ಲ. ಮಾತೂ ಆಡಲ್ಲ, ಅದು ಬೇರೆ. ನಿನಗೆ ಅಕ್ಕ ಇದ್ದಾಳೆ ಅಂದೆಯಲ್ಲ, ಅವಳನ್ನು ಮುಂದೆ ಬಿಡು.

ಹುಲಿಗಿ ಹುಣ್ಣಿಮೆ: ಕೆಟಿಜೆ ನಗರದವರು ಹೇಳಿದ್ದು ಸರಿ. ಟೈಲರಮ್ಮನ ಲೆಕ್ಕಕ್ಕಿಂತ ಇದು ಮುಖ್ಯ.

ದುರ್ಗದ ಟೈಲರ್: ನನ್ನ ಲೆಕ್ಕ ಯಾಕೆ ಎಳೆಯುತ್ತೀರಿ ಮತ್ತೆ? ಹುಡುಗಿ, ಭಾನುವಾರ ಮಧ್ಯಾಹ್ನದವರೆಗೆ ಅಂಗಡಿ ತೆಗೆದಿರುತ್ತೆ. ಅಕ್ಕನ ಜೊತೆ ಬಾ. ಬಿಲ್, ರಿಪೋರ್ಟ್ ಎಲ್ಲ ಒಂದು ಫೈಲ್‌ನಲ್ಲಿ ಇಟ್ಟಿದ್ದೇನೆ, ತೋರಿಸುತ್ತೇನೆ.

ಮಂಡಿಪೇಟೆ ಹುಡುಗಿ: ಅಕ್ಕನಿಗೆ ಇದೆಲ್ಲ ಓದಿ ಹೇಳಿದೆ. ಭಾನುವಾರ ಬರುತ್ತೇವೆ. ಮೇಡಂ, ಅಫಿಡವಿಟ್‌ನಲ್ಲಿ ಮನೆ ವಿಳಾಸ ಹಾಕಲೇಬೇಕಾ? ಅಪ್ಪನ ಕೈಗೆ ಪೋಸ್ಟ್ ಬಂದರೆ?

ಹರಿಹರದ ಅತಿಥಿ ಉಪನ್ಯಾಸಕಿ: ನಾನು ಹಾಕಿದಾಗ ವಿಳಾಸ ಬೇಕಿತ್ತು. ಆದರೆ ನನ್ನದು ಪೋಸ್ಟ್‌ನಲ್ಲಿ ಬರಲಿಲ್ಲ, ಪೋರ್ಟಲ್‌ನಲ್ಲೇ ಇಳಿಸಿಕೊಂಡೆ. ಮನೆಯವರ ಕೈಗೆ ಸಿಗದ ಮೊಬೈಲ್ ನಂಬರ್ ಕೊಡು. ಅಂಕಪಟ್ಟಿಯ ಇನಿಷಿಯಲ್ ಈಗಲೇ ನೋಡಿಕೋ, ಚುಕ್ಕೆ ಸಮೇತ.