ಆಗದಿದ್ದರೆ ಏನು ಮಾಡಬೇಕು ಎಂಬುದನ್ನೂ ಹೇಳಿಸಿಕೊಳ್ಳಿ

ಪುಣೆಗೆ ಬಂದು ನೆಲೆಸಿದ ಕನ್ನಡಿಗರು ಕೂಡಿದಾಗ ಮಾತಿಗೆ ಬರಗಾಲವಿಲ್ಲ. ಮಕ್ಕಳಿಗೆ ಕನ್ನಡ ಅಕ್ಷರ ತಿದ್ದಿಸುವುದು ಹೇಗೆ, ಯಾವ ಕಡೆ ಬಾಡಿಗೆ ಕಡಿಮೆ, ಊರಿನ ರಾತ್ರಿ ಬಸ್ಸು ಎಲ್ಲಿಂದ ಹೊರಡುತ್ತದೆ, ಎಲ್ಲವೂ ಬರುತ್ತದೆ. ಇಲ್ಲಿಯೇ ತೀರಿಕೊಂಡರೆ ಏನು ಎಂಬ ಮಾತು ಮಾತ್ರ ಬರುವುದಿಲ್ಲ. ಕಳೆದ ವಾರ ಒಬ್ಬ ತಂಗಿ ಧೈರ್ಯ ಮಾಡಿ ಕೇಳಿದಳು: "ಮಾವನವರು ದೇಹದಾನ ಮಾಡಬೇಕೆಂದು ಹಟ ಹಿಡಿದಿದ್ದಾರೆ, ಅತ್ತೆ ಅಳುತ್ತಾರೆ, ನಾವು ಯಾರ ಮಾತು ಕೇಳಬೇಕು?" ಅವಳಿಗೆ ಉತ್ತರ ಕೊಡುವ ಮೊದಲು ನಮ್ಮ ಮನೆಯಲ್ಲಿ ನಡೆದದ್ದನ್ನು ಹೇಳಿಬಿಡುತ್ತೇನೆ.

ನಾವು ವಿಜಯಪುರ ಜಿಲ್ಲೆಯ ಲಿಂಗಾಯತರು. ಅಪ್ಪ ಕೊನೆಯ ಒಂಬತ್ತು ವರ್ಷ ಚಿಂಚವಡದಲ್ಲಿ, ನಮ್ಮ ಮೂರನೆಯ ಮಹಡಿಯ ಮನೆಯಲ್ಲಿದ್ದರು. "ನನ್ನನ್ನು ಹೊಲದಲ್ಲಿಯೇ ಮಣ್ಣು ಮಾಡಿರಿ, ನಮ್ಮವ್ವನ ಮಗ್ಗುಲಿಗೆ" ಎಂದು ವಾರಕ್ಕೊಮ್ಮೆಯಾದರೂ ಹೇಳುತ್ತಿದ್ದರು. ಕಂಡಕ್ಟರ್ ಟಿಕೆಟ್ ಕೇಳಿದಾಗ ಪಾಸು ತೋರಿಸಿದಷ್ಟೇ ಸಲೀಸಾಗಿ ನಾನು "ಹೂಂ" ಎನ್ನುತ್ತಿದ್ದೆ.

ಜುಲೈ ತಿಂಗಳ ಒಂದು ರಾತ್ರಿ 11ರ ಸುಮಾರಿಗೆ ಆಸ್ಪತ್ರೆಯಲ್ಲಿ ಹೋದರು. ಕ್ರಿಯೆ ಮಾಡಿಸುವ ಊರಿನ ಅಯ್ಯನವರಿಗೆ ಫೋನ್ ಮಾಡಿದೆ. ಅವರು ಮೊದಲು ಕೇಳಿದ್ದು, "ಕೂಡಿಸಿದ್ದೀರೋ ಇಲ್ಲವೋ?" ಎಂದು. ನಮ್ಮಲ್ಲಿ ದೇಹವನ್ನು ಚಕ್ಕಳಮಕ್ಕಳ ಕೂಡಿಸಿ, ಹಣೆಗೆ ವಿಭೂತಿ ಹಚ್ಚಿ, ಎಡಗೈಯಲ್ಲಿ ಇಷ್ಟಲಿಂಗ ಇಟ್ಟು ಮಣ್ಣು ಮಾಡುತ್ತಾರೆ. ಜೀವ ಹೋದ ಕೆಲವೇ ತಾಸಿನಲ್ಲಿ ದೇಹ ಸೆಟೆಯತೊಡಗುತ್ತದೆ, ಆಮೇಲೆ ಮೊಣಕಾಲು ಮಡಚಲು ಬರುವುದಿಲ್ಲ. ಹಳ್ಳಿಯಲ್ಲಿ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ, ಓಣಿಯ ಹಿರಿಯರು ಬಂದು ಗೋಡೆಗೆ ಆನಿಸಿ ಕೂಡಿಸಿಯೇ ಬಿಡುತ್ತಾರೆ. ಇಲ್ಲಿ ಬಿಲ್ಲು ಕಟ್ಟಿ, ಕಾಗದ ಕೈಗೆ ಬರುವಾಗ ರಾತ್ರಿ ಮೂರು. ಅಪ್ಪ ಸ್ಟ್ರೆಚರಿನ ಮೇಲೆ ನೆಟ್ಟಗೆ ಮಲಗಿದ್ದರು.

ಊರಿನಲ್ಲಿದ್ದ ಅಣ್ಣ, "ಹೇಗಾದರೂ ತನ್ನಿ" ಎಂದ. ಸೊಲ್ಲಾಪುರಕ್ಕೆ 250 ಕಿಲೋಮೀಟರ್, ಅಲ್ಲಿಂದ ವಿಜಯಪುರಕ್ಕೆ ಇನ್ನೊಂದು 100, ಆಮೇಲೆ ನಮ್ಮ ಹಳ್ಳಿಯ ದಾರಿ. ಎರೆ ಹೊಲ, ಎರಡು ದಿನದಿಂದ ಬಿಟ್ಟೂ ಬಿಡದ ಮಳೆ. ಗಾಡಿ ಹೊಲದವರೆಗೆ ಹೋಗುವುದಿಲ್ಲ, ಅಗೆದ ಕುಣಿಯಲ್ಲಿ ನೀರು ನಿಲ್ಲುತ್ತದೆ ಎಂದು ಚಿಕ್ಕಪ್ಪನ ಮಗ ಗುಟ್ಟಾಗಿ ಫೋನಿನಲ್ಲಿ ಹೇಳಿದ. ಅಜ್ಜಿಯ ಸಮಾಧಿ ಇದ್ದ ತುಂಡು ಪಾಲಿನಲ್ಲಿ ಬೇರೆಯವರಿಗೆ ಹೋಗಿ, ಅವರು ಅದನ್ನು ಮಾರಿಯೂ ಆಗಿತ್ತು ಎಂಬುದು ನನಗೆ ಗೊತ್ತಾದದ್ದು ಆ ರಾತ್ರಿಯೇ. ಅವ್ವನಿಗೆ ರಕ್ತದೊತ್ತಡ, ಅಷ್ಟು ದೂರ ಕೂತು ಬರುವ ಸ್ಥಿತಿಯಲ್ಲಿರಲಿಲ್ಲ. ಮರುದಿನ ಮಧ್ಯಾಹ್ನ ಇಲ್ಲಿಯೇ, ನಮ್ಮವರ ರುದ್ರಭೂಮಿಯಲ್ಲಿ, ಮಲಗಿಸಿಯೇ ಮಣ್ಣು ಮಾಡಿದೆವು.

ಅಣ್ಣ ಹದಿನಾಲ್ಕು ತಿಂಗಳು ನನ್ನೊಂದಿಗೆ ಮಾತನಾಡಲಿಲ್ಲ. ಆಮೇಲೊಮ್ಮೆ ಬಂದು ಸಮಾಧಿಯ ಬಳಿಯ ಒಂದು ಹಿಡಿ ಮಣ್ಣನ್ನು ಟವೆಲಿನಲ್ಲಿ ಕಟ್ಟಿಕೊಂಡು ಹೋದ. ಯಾಕೆಂದು ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಅಪ್ಪನ ಇಚ್ಛೆ ಎಲ್ಲರಿಗೂ ಗೊತ್ತಿತ್ತು, ಅದರಲ್ಲಿ ಗೊಂದಲವೇ ಇರಲಿಲ್ಲ. ಇಲ್ಲದಿದ್ದದ್ದು ಎರಡನೆಯ ಮಾತು. ಹೊಲಕ್ಕೆ ಒಯ್ಯಲು ಆಗದಿದ್ದರೆ ಏನು? ಆಗುತ್ತದೆಯೋ ಇಲ್ಲವೋ ಎಂದು ನಿರ್ಧರಿಸುವವರು ಯಾರು? ಊರಿನಲ್ಲಿಯೇ ಇರುವವರಿಗೆ ಈ ಪ್ರಶ್ನೆ ಏಳುವುದಿಲ್ಲ. ನಮ್ಮಂಥವರಿಗೆ, "ಊರಿಗೆ ಒಯ್ಯಿರಿ" ಎಂಬ ಒಂದೇ ಮಾತು ಬಿಟ್ಟು ಹೋದರೆ ಅದು ಮಕ್ಕಳ ನಡುವೆ ಗೋಡೆಯಾಗುತ್ತದೆ.

ಬರೆದಿಟ್ಟರೆ ಸಾಕು ಎನ್ನುವವರಿದ್ದಾರೆ. ಸಾಲದು. ನೆಹರೂ 1954ರಲ್ಲಿಯೇ ತಮ್ಮ ಉಯಿಲಿನಲ್ಲಿ ತಮಗೆ ಧಾರ್ಮಿಕ ಕ್ರಿಯೆಗಳು ಬೇಡವೆಂದು ಸ್ಪಷ್ಟವಾಗಿ ಬರೆದಿದ್ದರು. 1964ರ ಮೇ ತಿಂಗಳಲ್ಲಿ ಅವರ ಅಂತ್ಯಕ್ರಿಯೆ ಮಂತ್ರಗಳೊಂದಿಗೇ ನಡೆಯಿತು. ದೇಶದ ಪ್ರಧಾನಿಯ ಕಾಗದವೇ ನಿಲ್ಲಲಿಲ್ಲ. ಇನ್ನೊಂದು ಕಡೆ ಗಿರೀಶ ಕಾರ್ನಾಡರನ್ನು ನೋಡಿ. ಮಾಥೇರಾನಿನಲ್ಲಿ ಹುಟ್ಟಿದವರು, ನಮ್ಮ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನ ನಿರ್ದೇಶಕರಾಗಿದ್ದವರು. 2019ರ ಜೂನ್ 10ರಂದು ಬೆಂಗಳೂರಿನಲ್ಲಿ ತೀರಿಕೊಂಡಾಗ ಸರಕಾರಿ ಗೌರವವೂ ಬೇಡ, ವಿಧಿವಿಧಾನವೂ ಬೇಡ ಎಂಬ ಅವರ ಮಾತನ್ನು ಮನೆಯವರು ಹಾಗೆಯೇ ನಡೆಸಿದರು, ಕಲ್ಪಳ್ಳಿಯ ವಿದ್ಯುತ್ ಚಿತಾಗಾರದಲ್ಲಿ ಸದ್ದಿಲ್ಲದೆ ಮುಗಿಸಿದರು. ಬಾಗಿಲಲ್ಲಿ ನಿಂತು "ಅವರು ಹೀಗೆ ಹೇಳಿದ್ದಾರೆ" ಎನ್ನುವ ಜೀವಂತ ಮನುಷ್ಯ ಬೇಕು, ಕಾಗದ ಅವನ ಕೈಗೊಂದು ಆಸರೆ ಅಷ್ಟೇ. ಆಸ್ತಿಯನ್ನು ಬರೆದುಕೊಡುವಂತೆ ತನ್ನ ದೇಹವನ್ನು ಉಯಿಲಿನಲ್ಲಿ ಬರೆದು ವಾರಸುದಾರರನ್ನು ಕಟ್ಟಿಹಾಕಲು ನಮ್ಮ ಕಾನೂನಿನಲ್ಲಿ ಬರುವುದಿಲ್ಲ. ಮೇಲಾಗಿ ಬ್ಯಾಂಕಿನ ಲಾಕರಿನಲ್ಲಿರುವ ಉಯಿಲನ್ನು ತೆಗೆದು ಓದುವ ಹೊತ್ತಿಗೆ ದಿವಸದ, ಅಂದರೆ ತಿಥಿಯ, ಊಟವೂ ಮುಗಿದಿರುತ್ತದೆ.

ಈಗ ತಂಗಿಯ ಪ್ರಶ್ನೆಗೆ ಬರುತ್ತೇನೆ. ಮಾವನವರು ಕಾಲೇಜಿನ ಅರ್ಜಿಗೆ ಸಹಿ ಹಾಕಿದ್ದರೂ ಮನೆಯವರು ಅಡ್ಡ ನಿಂತರೆ ಯಾವ ವೈದ್ಯಕೀಯ ಕಾಲೇಜೂ ದೇಹಕ್ಕಾಗಿ ಜಗಳವಾಡುವುದಿಲ್ಲ. ಆದ್ದರಿಂದ ಅತ್ತೆಯ ಅಳುವನ್ನು ಪಕ್ಕಕ್ಕೆ ಸರಿಸಿ ಮುಂದೆ ಹೋಗಲಾಗದು. ಅವರು ಅಳುವುದು ಯಾವುದಕ್ಕೆ ಎಂದು ಕೇಳಿದ್ದೀರಾ? ದೇಹ ಕತ್ತರಿಸುತ್ತಾರೆಂದೋ, ಹೂವಿಡಲು ಒಂದು ಜಾಗವೂ ಇರುವುದಿಲ್ಲವೆಂದೋ, ಕ್ರಿಯೆ ತಪ್ಪುತ್ತದೆ ಎಂದೋ? ಕೊನೆಯದಾದರೆ ದಾರಿ ಸುಲಭ. ಕಾಲೇಜಿಗೆ ಒಪ್ಪಿಸುವ ಮೊದಲು ಮನೆಯಲ್ಲಿ ಪೂಜೆ ಮಾಡಬಹುದು, ಆಮೇಲಿನ ದಿನಗಳನ್ನು ಫೋಟೋ ಇಟ್ಟು ನಡೆಸಬಹುದು. ಮಾವನವರಿಂದಲೂ ಎರಡನೆಯ ಮಾತು ಹೇಳಿಸಿಕೊಳ್ಳಿ. ಶವಪರೀಕ್ಷೆಯಾದ ದೇಹವನ್ನು ಸಾಮಾನ್ಯವಾಗಿ ಕಾಲೇಜಿನವರು ತೆಗೆದುಕೊಳ್ಳುವುದಿಲ್ಲ. ಆಗ ಇಲ್ಲಿಯ ವೈಕುಂಠ ಸ್ಮಶಾನವೋ, ಊರೋ? ಕಣ್ಣು ಕೊಡುವುದಕ್ಕಂತೂ ಬಹಳ ಮನೆಗಳಲ್ಲಿ ಜಗಳವಿರುವುದಿಲ್ಲ, ಕಣ್ಣು ಕೊಟ್ಟ ಮೇಲೂ ದೇಹದಾನ ಮಾಡಬಹುದು. ಆರು ತಾಸಿನ ಒಳಗೆ ತೆಗೆಯಬೇಕು, ನೇತ್ರ ಬ್ಯಾಂಕಿನವರೇ ಮನೆಗೆ ಬರುತ್ತಾರೆ, ಅಲ್ಲಿಯವರೆಗೆ ಫ್ಯಾನ್ ಆರಿಸಿ, ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿ ಇಡಿ. ಪೊರೆಯ ಶಸ್ತ್ರಚಿಕಿತ್ಸೆಯಾಗಿದ್ದರೂ ಅಡ್ಡಿಯಿಲ್ಲ.

ನಾನು ಕಷ್ಟಪಟ್ಟು ಕಲಿತ ಇನ್ನೊಂದು ಸಂಗತಿ: ಮರಣ ನೋಂದಣಿ ಆಗುವುದು ಜೀವ ಹೋದ ಊರಿನಲ್ಲಿ, ಮಣ್ಣು ಮಾಡಿದ ಊರಿನಲ್ಲಲ್ಲ. ಪುಣೆಯಲ್ಲಿ ಹೋದವರನ್ನು ವಿಜಯಪುರಕ್ಕೆ ಒಯ್ದರೂ ದಾಖಲೆ ಪುಣೆಯದೇ. ಗಡುವು 21 ದಿನ. ವೆಂಟಿಲೇಟರ್ ಬೇಕೋ ಬೇಡವೋ ಎಂಬ ಇಚ್ಛಾಪತ್ರ ಬೇರೆಯೇ ಕಾಗದ. ಸುಪ್ರೀಂ ಕೋರ್ಟ್ 2018ರಲ್ಲಿ ಅದನ್ನು ಒಪ್ಪಿ, 2023ರಲ್ಲಿ ಇಬ್ಬರು ಸಾಕ್ಷಿ ಮತ್ತು ನೋಟರಿಯ ಸಹಿ ಸಾಕೆಂದು ಸರಳ ಮಾಡಿದೆ. ಅದನ್ನೂ ಅಂತ್ಯಕ್ರಿಯೆಯ ಇಚ್ಛೆಯನ್ನೂ ಕಲಸಬೇಡಿ.

ಮಕ್ಕಳ ವಿಷಯಕ್ಕೆ ಬಂದರೆ ನಾವು ಮಾಡಿದ್ದು ತಪ್ಪು. ಅಜ್ಜ ಹೋದ ದಿನ ಮಗಳನ್ನು ಎದುರಿನ ಮನೆಯ ಮರಾಠಿ ಮಾವಶಿಯ ಬಳಿ ಬಿಟ್ಟಿದ್ದೆವು, ಅವಳು ಹೆದರಬಾರದೆಂದು. ತಿಂಗಳು ಕಳೆದು ಅವಳು ಕೇಳಿದಳು: "ಎಲ್ಲರನ್ನೂ ಸುಡುತ್ತಾರಲ್ಲ, ಅಜ್ಜನನ್ನು ಏಕೆ ಹುಗಿದಿರಿ?" ಹುಗಿಯುವುದು ಎಂಬ ಶಬ್ದವನ್ನು ಎಲ್ಲಿಂದ ಹೆಕ್ಕಿದಳೋ. ಮಣ್ಣು ಮಾಡುವುದು, ಲಿಂಗೈಕ್ಯ, ಹೆಣ ಒಯ್ಯಲು ಸಿಂಗರಿಸಿದ ವಿಮಾನ ಕಟ್ಟುವುದು, ಒಂದೂ ಅವಳ ಕಿವಿಗೆ ಬಿದ್ದಿರಲಿಲ್ಲ. ಕಟ್ಟಡದಲ್ಲಿ ಯಾರಾದರೂ ಹೋದರೆ ಹತ್ತನೆಯ ದಿನ ಪಿಂಡವನ್ನು ಕಾಗೆ ಮುಟ್ಟುವವರೆಗೆ ಕಾಯುತ್ತಾರೆ ಎಂಬುದು ಅವಳಿಗೆ ಗೊತ್ತು, ನಮ್ಮಲ್ಲಿ ಕಾಗೆ ಏಕಿಲ್ಲ ಎಂಬುದು ಗೊತ್ತಿಲ್ಲ. ನಾಳೆ ನಮ್ಮ ಮಾತು ನಡೆಸಿಕೊಡಬೇಕಾದವಳು ಅವಳೇ.

ಅದಕ್ಕೇ ಹೋದ ವರ್ಷ ದೀಪಾವಳಿಗೆ ಎಲ್ಲರೂ ಸೇರಿದಾಗ, ಅಣ್ಣ ಮತ್ತು ಮಗಳು ಇಬ್ಬರ ಎದುರಿಗೇ ಅವ್ವನನ್ನು ಕೇಳಿದೆ. ಅತ್ತಿಗೆ ಹಬ್ಬದ ದಿನ ಇದೆಂಥ ಮಾತು ಎಂದು ಮುಖ ಸಿಂಡರಿಸಿದರು. ಅವ್ವ ಮಾತ್ರ ಇದಕ್ಕೇ ಕಾಯುತ್ತಿದ್ದವಳ ಹಾಗೆ ಶುರುಮಾಡಿದಳು. ಎಲ್ಲಿ ಜೀವ ಹೋಗುತ್ತದೆಯೋ ಅಲ್ಲಿಯೇ ಮಣ್ಣು ಮಾಡಬೇಕು. ಕಣ್ಣು ಕೊಡಬೇಕು. ಕೂಡಿಸಬಾರದು: "ಇಪ್ಪತ್ತು ವರ್ಷದಿಂದ ಈ ಮೊಣಕಾಲು ಮಡಚಿಲ್ಲ, ಸತ್ತ ಮೇಲೆ ಮಡಚಿಸುತ್ತೀರಾ? ಕಾಲು ನೀಡಿ ಮಲಗಿಸಿರಿ." ಅದು ಶಾಸ್ತ್ರಕ್ಕೆ ಸರಿಯಲ್ಲ ಎಂದು ಅಣ್ಣ ಬಾಯಿ ತೆಗೆದ. "ಹಾಗಾದರೆ ಒಮ್ಮೆ ನೀನು ನನ್ನ ಕಾಲು ಇಟ್ಟುಕೊಂಡು ಕೂತು ನೋಡು" ಎಂದಳು. ಭಿನ್ನಾಭಿಪ್ರಾಯ ಬಂದರೆ ತೀರ್ಮಾನ ನನ್ನದಲ್ಲ, ಅಣ್ಣನದು ಎಂದೂ ಹೇಳಿದಳು. ನನಗೆ ಕೊಂಚ ಚುಚ್ಚಿತು, ಆದರೆ ಅಣ್ಣನ ಮುಖದಲ್ಲಿ ಏನೋ ಸಡಿಲವಾದದ್ದು ಕಂಡಿತು.

ಮಗಳು ಅದನ್ನೆಲ್ಲ ಕನ್ನಡದಲ್ಲಿ ಬರೆದುಕೊಂಡಳು, ತಪ್ಪು ಕಾಗುಣಿತದೊಂದಿಗೆ. ಕಾಗದ ದೇವರ ಜಗಲಿಯ ಬಸವಣ್ಣನ ಫೋಟೋದ ಹಿಂದೆ ಇದೆ. ಈ ಯುಗಾದಿಗೆ ಅವ್ವ ಅದನ್ನು ಹೊರಗೆ ತೆಗೆಸಿ ಒಂದು ಸಾಲು ಸೇರಿಸಿದಳು: ದಿವಸಕ್ಕೆ ಗೋಧಿ ಹುಗ್ಗಿ ಮನೆಯಲ್ಲಿಯೇ ಮಾಡಬೇಕು, ಕೇಟರಿಂಗಿನವರ ಬೂಂದಿ ಬೇಡ. ಬೆಲ್ಲ ಎಷ್ಟು ಎಂಬುದನ್ನೂ ಬರೆಸಿದ್ದಾಳೆ.