80 ಹಲ್ಲಿನ ಹೋಮ

ಸೀನನ ಶೆಡ್ಡಿನಿಂದ ಹೊಗೆ ಬರುತ್ತಿತ್ತು. ಹಲಸಿನ ಚಕ್ಕೆಯ ಘಮ. ಗಣಹೋಮ ಇಟ್ಟುಕೊಂಡು ನಮ್ಮನ್ನು ಕರೆದಿಲ್ಲ ಅಂತ ಸಿಟ್ಟಿನಲ್ಲೇ ಒಳಗೆ ಹೋದೆವು. ನೋಡಿದರೆ ಹೋಮವೂ ಇಲ್ಲ, ಊಟವೂ ಇಲ್ಲ. ಟೇಬಲ್ ಸಾ, ಅಂದರೆ ಮೇಜಿಗೆ ಕೂರಿಸಿದ ಕರೆಂಟು ಗರಗಸದ ಮೇಲೆ ಅರ್ಧ ಸೀಳಿದ ಹಲಸಿನ ಹಲಗೆ; ಅಂಚೆಲ್ಲ ಕಾವಲಿಯಲ್ಲಿ ಮರೆತ ದೋಸೆಯ ಬಣ್ಣ.

“ಹೊಸ ಬ್ಲೇಡು ಮಾರಾಯ! 10 ಇಂಚಿಂದು, 80 ಹಲ್ಲು. ಅಂಗಡೀಲಿ ಇದ್ದಿದ್ರಲ್ಲೇ ದುಬಾರಿ.”

“24 ಹಲ್ಲಿಂದು ಇರ್ಲಿಲ್ವಾ?” ಅಂದರು ಮರಗೆಲಸದ ಆಚಾರ್ರು.

“ಇತ್ತು. ಬೊಚ್ಚುಬಾಯಿ ಥರ ಕಾಣ್ತಿತ್ತು, ಬಿಟ್ಟುಬಂದೆ.”

ಆಚಾರ್ರು ಹೊರಗೆ ಹೋಗಿ ಎಲೆಯಡಿಕೆ ಉಗಿದು ಬಂದರು. “ಕಬ್ಬು ಸಿಗಿಯೋಕೆ ಎಷ್ಟು ಹಲ್ಲು ಬೇಕು? ಮುಂದಿನ ನಾಲ್ಕು ಗಟ್ಟಿ ಇದ್ರಾಯ್ತು. ನಾರಿನುದ್ದಕ್ಕೆ ಸೀಳುವಾಗ ಹೊಟ್ಟು ರಾಶಿ ಬರತ್ತೆ. ಹಲ್ಲಿನ ಸಂದು ದೊಡ್ಡದಿದ್ರೆ ಹೊತ್ತು ಹೊರಗೆ ಹಾಕತ್ತೆ. ನಿಮ್ಮ 80ರಲ್ಲಿ ಹೊಟ್ಟಿಗೆ ಕೂರೋಕೇ ಜಾಗ ಇಲ್ಲ. ಅಲ್ಲೇ ತಿಕ್ಕಿ ತಿಕ್ಕಿ ಮರ ಸುಡತ್ತೆ.”

“ಜಾತ್ರೆ ಬಸ್ಸು,” ಅಂದ ಗುಂಡ.

“ಹಂಗಾದ್ರೆ ದುಡ್ಡು ದಂಡವಾ?”

“ದಂಡ ಯಾಕೆ? ಅಡ್ಡ ಕೊಯ್ಯೋಕೆ, ಪ್ಲೈವುಡ್ಡಿಗೆ ಅದೇ ಬೇಕು. ಪ್ಲೈವುಡ್ಡಿಗೆ 24 ಹಾಕಿದ್ರೆ ಅಂಚೆಲ್ಲ ಇಲಿ ಕಡಿದಂಗೆ ಚಕ್ಕೆ ಏಳತ್ತೆ. ಮೈಕಾ ಬೋರ್ಡಿಗೆ ಹಲ್ಲಿನ ಆಕಾರವೇ ಬೇರೆ. ಒಂದು ಹಲ್ಲು ಮೂಲೆ ಸವರಿದ್ದು, ಪಕ್ಕದ್ದು ಚಪ್ಪಟೆ.”

“ಒಂದೇ ತಗೊಳ್ಳೋ ಬಡವ ಏನು ಮಾಡ್ಬೇಕು?”

“40 ಹಲ್ಲಿಂದು. ಎರಡೂ ಮಾಡತ್ತೆ, ಎರಡೂ ಸುಮಾರು.”

“ನಮ್ಮ ಹಿಂದಿ ಮೇಷ್ಟ್ರು ಡ್ರಿಲ್ಲೂ ಮಾಡಿಸ್ತಿದ್ರಲ್ಲ, ಹಂಗೆ,” ಅಂದ ಗುಂಡ. ನಕ್ಕೆವು ಅಂತ ಅವನಿಗೆ ಧೈರ್ಯ ಬಂತು. “ನನ್ನತ್ರ ಕಬ್ಬಿಣ ಕೊಯ್ಯೋ 4 ಇಂಚಿನ ಗ್ರೈಂಡರ್ ಇದೆ. ಅದಕ್ಕೇ ಮರದ ಬ್ಲೇಡು ಸಿಕ್ಕಿಸಿದ್ರೆ ಈ ಪಂಚಾಯ್ತಿಯೇ ಇಲ್ಲ!”

ಆಚಾರ್ರು ಎಡಗೈ ಎತ್ತಿದರು. ತೋರುಬೆರಳು ಒಂದು ಗೆಣ್ಣು ಕಡಿಮೆ.

“ಗ್ರೈಂಡರ್ ನಿಮಿಷಕ್ಕೆ ಸುಮಾರು 11,000 ಸುತ್ತು ಸುತ್ತತ್ತೆ. ಬ್ಲೇಡು ಎಷ್ಟು ತಡೀತದೆ ಅಂತ ಅದರ ಮೈಮೇಲೇ ಬರೆದಿರ್ತಾರೆ. ನಾನು ಓದಿರ್ಲಿಲ್ಲ.”

ಗುಂಡ ತನ್ನ ಹತ್ತೂ ಬೆರಳು ಜೇಬಿಗೆ ಹಾಕಿಕೊಂಡ.

ಮಾರನೇ ದಿನ ಸೀನ 24 ಹಲ್ಲಿಂದು ತಂದ. ಕೂರಿಸಿದರೆ ಅತ್ತೆಯ ಬಳೆ ಮೊಮ್ಮಗಳ ಕೈಗೆ ಹಾಕಿದ ಹಾಗೆ ಲೊಡಲೊಡ. ಬ್ಲೇಡಿನ ತೂತು 30 ಮಿ.ಮೀ., ಮೆಷೀನಿನ ದಂಡ 25.4.

“ಅಂಗಡೀಲೇ ನಿಂತು ಹಲ್ಲು ಎರಡು ಸಲ ಎಣಿಸಿದ್ನಲ್ಲೋ!” ಅಂದ ಸೀನ.