ರಾಕೆಟ್ಟುಗಳ ‘ಕುಟುಂಬ’ಕ್ಕೆ ಕನ್ನಡದಲ್ಲಿ ಏನನ್ನೋಣ?

ಪದಚರ್ಚೆಯ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ಒಂದು ಪದ ಬೇಕಾಗಿದೆ, ಅದೂ ಬರುವ ಸೋಮವಾರದೊಳಗೆ. ನಾನು ಪಾಠ ಹೇಳಿ ನಿವೃತ್ತನಾದ ಶಾಲೆಯ ಪಡಸಾಲೆಯಲ್ಲಿ ಇಸ್ರೋ ರಾಕೆಟ್ಟುಗಳ ಚಿತ್ರ ಬರೆಸುತ್ತಿದ್ದೇವೆ. ಹಣ ಹಳೆಯ ವಿದ್ಯಾರ್ಥಿಗಳದು, ಬರಹದ ಹೊಣೆ ನನ್ನದು. ಎಸ್‌ಎಲ್‌ವಿ-3, ಎಎಸ್‌ಎಲ್‌ವಿ, ಪಿಎಸ್‌ಎಲ್‌ವಿ, ಜಿಎಸ್‌ಎಲ್‌ವಿ, ಎಲ್‌ವಿಎಂ3 ಎಂದು ಐದು ರಾಕೆಟ್ಟುಗಳು ಸಾಲಾಗಿ ನಿಲ್ಲಬೇಕು, ಮೇಲೊಂದು ತಲೆಬರಹ ಇರಬೇಕು. ಇಂಗ್ಲಿಷಿನಲ್ಲಿ ‘ಫ್ಯಾಮಿಲಿ’ ಎಂದು ಬರೆದು ಮುಗಿಸಿಬಿಡುತ್ತಾರೆ. ನಾನೂ ‘ಇಸ್ರೋ ರಾಕೆಟ್ ಕುಟುಂಬ’ ಎಂದು ಚೀಟಿಯಲ್ಲಿ ಬರೆದು ಪೇಂಟರ್ ಕೈಗೆ ಕೊಟ್ಟೆ. ಅವರು ಓದಿ, “ಕುಟುಂಬ ಅಂದರೆ ಮನೆಯವರಲ್ಲವೇ ಮೇಷ್ಟ್ರೇ?” ಎಂದರು. ನಮ್ಮ ಕಡೆ ಹಳಬರು ಹೆಂಡತಿಯನ್ನು ‘ನಮ್ಮ ಕುಟುಂಬ’ ಎಂದೇ ಹೇಳುವುದು. ಚೀಟಿ ವಾಪಸು ಜೇಬಿಗೆ ಬಂತು.

ಅಲ್ಲಿಂದ ಶುರುವಾದ ತಲೆಬಿಸಿ ಇದು. ಕುಟುಂಬ ಎಂದರೆ ಒಂದೇ ಸೂರಿನಡಿ ಒಂದೇ ಕಾಲಕ್ಕೆ ಇರುವವರು. ಹಿಂದಿಯ ‘ಪರಿವಾರ’ ಕನ್ನಡಕ್ಕೆ ಬಂದರೆ ಹಿಂಬಾಲಕರ ದಂಡಾಗುತ್ತದೆ. ‘ಸಕುಟುಂಬ ಸಪರಿವಾರ’ ಎಂದು ಲಗ್ನಪತ್ರಿಕೆಯಲ್ಲಿ ಎರಡನ್ನೂ ಬೇರೆ ಬೇರೆ ಹೇಳುವುದು ಸುಮ್ಮನೆ ಅಲ್ಲ. ಪತ್ರಿಕೆಗಳು ‘ಸರಣಿ’, ‘ಶ್ರೇಣಿ’ ಎನ್ನುತ್ತವೆ. ಅವು ಕ್ರಿಕೆಟ್ ಪಂದ್ಯಕ್ಕೂ ಸರ್ಕಾರಿ ಸಂಬಳಕ್ಕೂ ಒಗ್ಗಿದ ಪದಗಳು, ಒಂದು ಇನ್ನೊಂದರಿಂದ ಹುಟ್ಟಿತು ಎನ್ನುವ ಸಂಗತಿಯೇ ಅವುಗಳಲ್ಲಿಲ್ಲ. ‘ತಳಿ’ ಎಂದರೆ ಭತ್ತ, ರಾಗಿ, ದನ ಕಣ್ಣಮುಂದೆ ಬರುತ್ತವೆ.

ಪದ ಆರಿಸುವ ಮೊದಲು ಈ ರಾಕೆಟ್ಟುಗಳ ನಡುವೆ ನಿಜವಾಗಿ ಇರುವ ನಂಟು ಎಂಥದು ಎಂದು ನೋಡಬೇಕಲ್ಲ. ಅದನ್ನು ನನಗೆ ತೋರಿಸಿಕೊಟ್ಟವರೂ ಆ ಪೇಂಟರೇ.

ಅಳತೆ ಒಂದು ಮೀಟರಿಗೆ ಒಂದು ಇಂಚು. ಎಸ್‌ಎಲ್‌ವಿ 22 ಇಂಚು, ಪಿಎಸ್‌ಎಲ್‌ವಿ 44, ಜಿಎಸ್‌ಎಲ್‌ವಿ 49. ರಟ್ಟು ಕತ್ತರಿಸಿ ಅಚ್ಚು ಮಾಡಿಕೊಂಡು, ಗೋಡೆಗೆ ಒತ್ತಿ ಹಿಡಿದು, ಅಂಚಿನಲ್ಲಿ ಪೆನ್ಸಿಲ್ ಎಳೆಯುವುದು ಅವರ ಪದ್ಧತಿ. ಎಸ್‌ಎಲ್‌ವಿಯ ಬುಡದ ಭಾಗಕ್ಕೆ ಒಂದು ಇಂಚು ಅಗಲದ ಪಟ್ಟಿ ಕತ್ತರಿಸಿದ್ದರು. ಎರಡನೆಯ ಚಿತ್ರಕ್ಕೆ ಬಂದಾಗ ಎಎಸ್‌ಎಲ್‌ವಿಯ ಎರಡು ಪಕ್ಕದಲ್ಲಿ ಎರಡು ಕೊಳವೆ ಬರೆಯಬೇಕಿತ್ತು. ಹೊಸ ರಟ್ಟಿಗೆ ಕೈ ಹಾಕಿದವರು ತಡೆದು, ಹಳೆಯ ಪಟ್ಟಿಯನ್ನೇ ಇಟ್ಟು ನೋಡಿದರು. ಸರಿಯಾಗಿ ಕೂತಿತು. ಮೂರನೆಯ ಚಿತ್ರದಲ್ಲಿ ಪಿಎಸ್‌ಎಲ್‌ವಿಯ ಬುಡದ ಸುತ್ತ ಆರು ಕೊಳವೆ. ಅಲ್ಲೂ ಅದೇ ಅಗಲ. “ಒಂದೇ ಸಾಮಾನನ್ನು ಮೂರು ಕಡೆ ಇಟ್ಟಿದ್ದಾರಲ್ಲ!” ಎಂದು ನಕ್ಕರು.

ಅವರು ಹೇಳಿದ್ದು ಅಕ್ಷರಶಃ ನಿಜ. 1980ರ ಜುಲೈ 18ರಂದು ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಮುಟ್ಟಿಸಿದ ಎಸ್‌ಎಲ್‌ವಿ-3 ಹದಿನೇಳು ಟನ್ನಿನ ಸಣ್ಣ ರಾಕೆಟ್ಟು. ಹೊರುತ್ತಿದ್ದದ್ದು 40 ಕಿಲೋ. ಅದರ ಮೊದಲ ಹಂತ, ಅಂದರೆ ಮೊದಲು ಉರಿದು ಕಳಚಿ ಬೀಳುವ ತುಂಡು, ಒಂದು ಮೀಟರ್ ವ್ಯಾಸದ, ಸುಮಾರು ಒಂಬತ್ತು ಟನ್ ಘನ ಇಂಧನದ ಕೊಳವೆ. ಮುಂದೆ ಹೆಚ್ಚು ಭಾರ ಹೊರುವ ಎಎಸ್‌ಎಲ್‌ವಿ ಕಟ್ಟುವಾಗ ಅದೇ ಬಗೆಯ ಕೊಳವೆಗಳನ್ನು ಎರಡು ಪಕ್ಕಕ್ಕೂ ಕಟ್ಟಿದರು. ಪಿಎಸ್‌ಎಲ್‌ವಿಗೆ ಬಂದಾಗ ಅವು ಆರಾದವು. ಒಂದು ಕಾಲದಲ್ಲಿ ಇಡೀ ರಾಕೆಟ್ಟನ್ನು ನೆಲದಿಂದ ಎಬ್ಬಿಸಿದ ಯಜಮಾನ, ಮಕ್ಕಳ ಕಾಲಕ್ಕೆ ಹೆಗಲು ಕೊಡುವ ಆಳಾದ. 2008ರ ಅಕ್ಟೋಬರ್ 22ರಂದು ಚಂದ್ರಯಾನ-1 ಹೊತ್ತು ಹೋದ ಪಿಎಸ್‌ಎಲ್‌ವಿಯಲ್ಲಿ ಆ ಕೊಳವೆಗಳನ್ನು ಉದ್ದ ಮಾಡಿ ಹನ್ನೆರಡು ಟನ್ ಇಂಧನ ತುಂಬಿದ್ದರು. ಅಗಲ ಮಾತ್ರ ಅದೇ ಒಂದು ಮೀಟರ್.

ಈ ಆಸ್ತಿ ಸುಲಭವಾಗಿ ಕೈಬದಲಾಗಲಿಲ್ಲ ಎನ್ನುವುದನ್ನೂ ಹೇಳಬೇಕು. 1987ರ ಮಾರ್ಚ್ 24ರಂದು ಮೊದಲ ಎಎಸ್‌ಎಲ್‌ವಿಯ ಪಕ್ಕದ ಕೊಳವೆಗಳು ಉರಿದು ಮುಗಿದ ಮೇಲೆ ನಡುವಿನ ಮೊದಲ ಹಂತ ಹೊತ್ತಿಕೊಳ್ಳಲೇ ಇಲ್ಲ. ಮರುವರ್ಷ ಜುಲೈನಲ್ಲಿ ಎರಡನೆಯದೂ ಸಮುದ್ರದ ಪಾಲಾಯಿತು. ಆಗ ಇಸ್ರೋ ಅಧ್ಯಕ್ಷರಾಗಿದ್ದವರು ನಮ್ಮ ಉಡುಪಿ ಬಳಿಯ ಅದಮಾರಿನ ಯು. ಆರ್. ರಾವ್. 1992ರ ಮೇ ತಿಂಗಳಲ್ಲಿ ಮೂರನೆಯದು ಹಾರಿತು. 1993ರ ಸೆಪ್ಟೆಂಬರ್ 20ರಂದು ಪಿಎಸ್‌ಎಲ್‌ವಿಯ ಮೊದಲ ಹಾರಾಟವೂ ಸೋತಿತು, 1994ರ ಅಕ್ಟೋಬರ್ 15ರ ಎರಡನೆಯದು ಗೆದ್ದಿತು. ಎಎಸ್‌ಎಲ್‌ವಿ ಒಟ್ಟು ನಾಲ್ಕೇ ಸಲ ಹಾರಿದ ರಾಕೆಟ್ಟು. ಪುಸ್ತಕಗಳಲ್ಲಿ ಒಂದು ಸಾಲು ಸಿಕ್ಕರೆ ಹೆಚ್ಚು. ಆದರೆ ಪಕ್ಕಕ್ಕೆ ಕೊಳವೆ ಕಟ್ಟಿ ಹಾರಿಸುವ ಕಸುಬನ್ನು ಕಲಿತದ್ದು ಅದರಲ್ಲೇ.

ಹೀಗೆ ಅಪ್ಪನಿಂದ ಮಗನಿಗೆ ಇಳಿದು ಬರುವುದಾದರೆ ‘ವಂಶ’ ಎನ್ನಬಹುದಲ್ಲ ಎಂದು ನೀವು ಕೇಳುತ್ತೀರಿ. ನಾನೂ ಎರಡು ದಿನ ಅದಕ್ಕೇ ಅಂಟಿಕೊಂಡಿದ್ದೆ. ಅದನ್ನು ಕೆಡಿಸಿದ್ದು ವಿಕಾಸ್ ಎಂಜಿನ್.

ಪಿಎಸ್‌ಎಲ್‌ವಿಯ ಎರಡನೆಯ ಹಂತದಲ್ಲಿರುವ ಈ ದ್ರವ ಇಂಧನದ ಎಂಜಿನ್ ಎಸ್‌ಎಲ್‌ವಿಯಿಂದ ಬಂದದ್ದಲ್ಲ. ಅದರ ತವರು ಫ್ರಾನ್ಸ್. ಯೂರೋಪಿನ ಏರಿಯಾನ್ ರಾಕೆಟ್ಟಿಗೆಂದು ಅಲ್ಲಿ ವೈಕಿಂಗ್ ಎಂಜಿನ್ ತಯಾರಾಗುತ್ತಿದ್ದಾಗ, 1974ರಲ್ಲಿ ಒಪ್ಪಂದವಾಯಿತು. ನಮ್ಮ ಎಂಜಿನಿಯರುಗಳು ಅಲ್ಲಿ ಹೋಗಿ ದುಡಿದರು, ಪ್ರತಿಯಾಗಿ ಎಂಜಿನ್ನಿನ ವಿದ್ಯೆ ನಮಗೆ ದಕ್ಕಿತು. ತೆರ ಕೊಟ್ಟು ಸೊಸೆ ತರುವ ಪದ್ಧತಿ ನಮ್ಮಲ್ಲಿ ಹಿಂದೆ ಇತ್ತಲ್ಲ, ಇಲ್ಲಿ ತೆರವನ್ನು ದುಡಿಮೆಯಲ್ಲಿ ಕಟ್ಟಿದಂತಾಯಿತು. ಸೊಸೆ ಬಂದವಳು ಮನೆಯನ್ನೇ ಹಿಡಿದು ನಿಲ್ಲಿಸಿದಳು. ಜಿಎಸ್‌ಎಲ್‌ವಿಯ ಎರಡನೆಯ ಹಂತದಲ್ಲಿ ಒಂದು ವಿಕಾಸ್, ಪಕ್ಕಕ್ಕೆ ಕಟ್ಟಿದ ನಾಲ್ಕು ದ್ರವ ಇಂಧನದ ಕೊಳವೆಗಳಲ್ಲಿ (ಬೂಸ್ಟರುಗಳಲ್ಲಿ) ಒಂದೊಂದು, ಎಲ್‌ವಿಎಂ3ರ ನಡುವಿನ ಹಂತದಲ್ಲಿ ಎರಡು. ತವರಿನ ಏರಿಯಾನ್-4 ರಾಕೆಟ್ಟು 2003ರಲ್ಲೇ ಕೊನೆಯ ಬಾರಿ ಹಾರಿ ನಿಂತಿತು, ಮಗಳ ಒಲೆ ಇಲ್ಲಿ ಇನ್ನೂ ಉರಿಯುತ್ತಿದೆ.

ರಷ್ಯಾದೊಂದಿಗಿನ ಸಂಬಂಧ ಅಷ್ಟು ಸುಸೂತ್ರವಾಗಿ ನಡೆಯಲಿಲ್ಲ. ಅತಿ ತಣ್ಣಗಿನ ದ್ರವ ಇಂಧನ ಉರಿಸುವ ಕ್ರಯೋಜೆನಿಕ್ ಎಂಜಿನ್ನಿನ ವಿದ್ಯೆಯನ್ನೇ ಕೊಡುವ ಮಾತಾಗಿತ್ತು. ಅಮೆರಿಕದ ಒತ್ತಡಕ್ಕೆ 1993ರಲ್ಲಿ ಅದು ಮುರಿದು, ಸಿದ್ಧ ಹಂತಗಳನ್ನಷ್ಟೇ ಕೊಟ್ಟರು. 2001ರ ಏಪ್ರಿಲ್ 18ರ ಮೊದಲ ಜಿಎಸ್‌ಎಲ್‌ವಿ ಹಾರಿದ್ದು ಆ ರಷ್ಯಾದ ಹಂತದೊಂದಿಗೆ. ಸ್ವಂತದ್ದು 2010ರಲ್ಲಿ ಸೋತು 2014ರ ಜನವರಿ 5ರಂದು ಗೆದ್ದಿತು.

ಹೀಗೆ ಬೀಗರು, ಸೊಸೆಯಂದಿರು ಸೇರಿಕೊಂಡ ಮೇಲೆ ‘ವಂಶ’, ‘ಕುಲ’ ಎರಡೂ ಸಾಲವು. ‘ಬಳಗ’ದಲ್ಲಿ ಬೀಗರಿಗೆ ಜಾಗವಿದೆ, ಆದರೆ ಹಿಂದು ಮುಂದು ಇಲ್ಲ. ಅಜ್ಜನೂ ಷಡ್ಡಕನೂ ಒಂದೇ ಜಮಖಾನದ ಮೇಲೆ ಕೂತಿರುತ್ತಾರೆ. ‘ತಲೆಮಾರು’ ಎಂದರೆ ಹಿಂದಿನವರು ಆಚೆ ಹೋದ ಮೇಲೆ ಮುಂದಿನವರು ಎಂಬ ಧ್ವನಿ. ಇಲ್ಲಿ ಪಿಎಸ್‌ಎಲ್‌ವಿ ತನಗಿಂತ ಕಿರಿಯರ ಜೊತೆಜೊತೆಗೇ ಹಾರುತ್ತಿದೆ.

ನನಗೆ ಈಗ ‘ಮನೆತನ’ ಹಿಡಿಸಿದೆ. ಹೊಲ, ಪಾತ್ರೆ, ಪೆಟ್ಟಿಗೆ, ಕಸುಬು ಎಲ್ಲ ಕೈಯಿಂದ ಕೈಗೆ ಬರುವುದು ಮನೆತನದಲ್ಲಿ. ಸೊಸೆಯೂ ಆ ಮನೆತನದವಳೇ ಆಗುತ್ತಾಳೆ. ಮೂರು ತಲೆಮಾರು ಒಟ್ಟಿಗೆ ಬದುಕಿದ್ದರೂ ಅಡ್ಡಿಯಿಲ್ಲ. ಬೇರೆ ನಾಡಿನ ರಾಕೆಟ್ಟಿಗೆ ಹಚ್ಚಿ ನೋಡಿದೆ, ಅಲ್ಲೂ ನಿಲ್ಲುತ್ತದೆ. 1957ರಲ್ಲಿ ಸ್ಪುಟ್ನಿಕ್ ಹಾರಿಸಿದ ಸೋವಿಯತ್ ಆರ್-7 ಕ್ಷಿಪಣಿಯ ಮೈಕಟ್ಟೇ ಗಗಾರಿನ್‌ನನ್ನು ಹೊತ್ತ ವೊಸ್ತೋಕ್‌ನಲ್ಲೂ ಇಂದಿನ ಸೊಯೂಜ್‌ನಲ್ಲೂ ಇದೆ. ‘ಆರ್-7 ಮನೆತನದ ಸೊಯೂಜ್’ ಎಂದರೆ ನನ್ನ ಕಿವಿಗೆ ಒರಟಾಗಿಲ್ಲ. ನಿಮ್ಮ ಕಿವಿಗೆ ಹೇಗೋ ತಿಳಿಸಿ.

ತೊಡಕು ಎರಡು ಕಡೆ ಇದೆ.

ಮೊದಲನೆಯದು ಐದನೆಯ ಚಿತ್ರ. ಎಲ್‌ವಿಎಂ3ಕ್ಕೆ ಪೇಂಟರ್ ಬಳಿ ಇದ್ದ ಯಾವ ಅಚ್ಚೂ ಹೊಂದಲಿಲ್ಲ. ಪಿಎಸ್‌ಎಲ್‌ವಿಯ 2.8 ಇಂಚಿನ ಬುಡದ ಅಚ್ಚು ಜಿಎಸ್‌ಎಲ್‌ವಿಗೆ ಹಾಗೇ ಬಂದಿತ್ತು, ಏಕೆಂದರೆ ಎರಡರ ಮೊದಲ ಹಂತವೂ ಒಂದೇ. ಎಲ್‌ವಿಎಂ3ಕ್ಕೆ ನಡುವೆ ನಾಲ್ಕು ಇಂಚು, ಪಕ್ಕದ ಕೊಳವೆಗಳಿಗೆ 3.2. ಎತ್ತರದಲ್ಲಿ ಜಿಎಸ್‌ಎಲ್‌ವಿಗಿಂತ ಗಿಡ್ಡ, ತೂಕದಲ್ಲಿ 640 ಟನ್. 2017ರಲ್ಲಿ ಹಾರಿದಾಗ ಇದನ್ನು ಜಿಎಸ್‌ಎಲ್‌ವಿ ಮಾರ್ಕ್-3 ಎನ್ನುತ್ತಿದ್ದರು. ಓದಿದವರೆಲ್ಲ ಇದು ಜಿಎಸ್‌ಎಲ್‌ವಿಯ ತಮ್ಮ ಎಂದೇ ತಿಳಿದರು. 2022ರಲ್ಲಿ ಇಸ್ರೋ ಆ ಹೆಸರು ತೆಗೆದು ಎಲ್‌ವಿಎಂ3 ಎಂದಿಟ್ಟಿತು. ಹೊರಗಿನಿಂದ ನೋಡಿದರೆ ಹೋಲಿಕೆಯಿಲ್ಲ, ಒಳಗೆ ವಿಕಾಸ್ ಇದೆ. ಹೆಸರು ಬಿಟ್ಟು ಬೇರೆ ಮನೆ ಹೂಡಿದವನನ್ನು ಅದೇ ಮನೆತನಕ್ಕೆ ಸೇರಿಸಬಹುದೇ? ನಾನು ಸೇರಿಸುತ್ತೇನೆ. ತಾಯಿಯ ಕಡೆಯಿಂದಾದರೂ ಸರಿ.

ಎರಡನೆಯದು ಟಿಪ್ಪುವಿನ ಬಾಣಗಳು. 2018ರಲ್ಲಿ ಹೊಸನಗರ ತಾಲ್ಲೂಕಿನ ನಗರದಲ್ಲಿ ಹಳೆಯ ಬಾವಿಯೊಂದರ ಹೂಳೆತ್ತಿದಾಗ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್ ಕೊಳವೆಗಳು ಸಿಕ್ಕವು. ಸಾಲಿನ ಮೊದಲಿಗೆ ಅದನ್ನೂ ಬರೆಸಿ ಎಂದು ಊರಿನವರ ಒತ್ತಾಯ. ಮೈಸೂರಿನ ಬಾಣಗಳನ್ನು ಒಯ್ದು ನೋಡಿ ಇಂಗ್ಲೆಂಡಿನಲ್ಲಿ ವಿಲಿಯಂ ಕಾಂಗ್ರೀವ್ ಎಂಬಾತ ತನ್ನ ರಾಕೆಟ್ಟು ಕಟ್ಟಿದನೆಂಬುದು ಇತಿಹಾಸ, ಹೆಮ್ಮೆಪಡಲು ಅಡ್ಡಿಯಿಲ್ಲ. ಆದರೆ ಆ ಬಾವಿಯಿಂದ ಶ್ರೀಹರಿಕೋಟಾಕ್ಕೆ ಯಾವ ಸಾಮಾನೂ ಕೈಬದಲಾಗಿ ಬಂದಿಲ್ಲ. ಅದನ್ನು ಎದುರು ಗೋಡೆಯಲ್ಲಿ ಬೇರೆಯಾಗಿ ಬರೆಸೋಣ ಎಂದಿದ್ದೇನೆ. ನನ್ನ ಮೇಲೆ ಒಂದಿಬ್ಬರು ಮುನಿಸಿಕೊಂಡಿದ್ದಾರೆ.

ಇನ್ನೊಂದು ಪ್ರಶ್ನೆ, ‘ಹಂತ’ದ್ದು. ಈ ಪತ್ರದಲ್ಲಿ ನಾನೇ ಹತ್ತು ಸಲ ಬಳಸಿದ್ದೇನೆ, ಆದರೂ ಸಮಾಧಾನವಿಲ್ಲ. 2025ರ ಮೇ 18ರಂದು ಪಿಎಸ್‌ಎಲ್‌ವಿ-ಸಿ61 ವಿಫಲವಾದಾಗ ‘ಮೂರನೇ ಹಂತದಲ್ಲಿ ದೋಷ’ ಎಂಬ ಸುದ್ದಿ ಬಂತು. ನೆರೆಮನೆಯವರು ಅದನ್ನು ಓದಿ, ಕೆಲಸ ಮುಕ್ಕಾಲು ಪಾಲು ಆಗಿ ಕೆಟ್ಟಿತು ಎಂದು ಅರ್ಥಮಾಡಿಕೊಂಡರು. ಚುನಾವಣೆಗೆ ಮೂರನೇ ಹಂತವಿದೆ, ಮೆಟ್ರೋಗೆ ಮೂರನೇ ಹಂತವಿದೆ. ಅವರದೇನು ತಪ್ಪು? ಇಲ್ಲಿ ಮೂರನೇ ಹಂತವೆಂದರೆ ಏಳು ಟನ್ನಿನಷ್ಟು ಘನ ಇಂಧನ ತುಂಬಿದ, ಕೈಯಿಂದ ಮುಟ್ಟಬಹುದಾದ ಒಂದು ವಸ್ತು. ಅದರ ಕೋಶದೊಳಗಿನ ಒತ್ತಡ ಕುಸಿದಿತ್ತು. ಕಾಲದ ಘಟ್ಟಕ್ಕೂ ಕಳಚಿ ಬೀಳುವ ತುಂಡಿಗೂ ಒಂದೇ ಪದವಾದರೆ ಈ ಗೊಂದಲ ತಪ್ಪದು. ಲೆಕ್ಕದಲ್ಲೂ ಪೇಚಿದೆ. ಎಎಸ್‌ಎಲ್‌ವಿಯಲ್ಲಿ ನೆಲದ ಮೇಲೆ ಮೊದಲು ಹೊತ್ತುತ್ತಿದ್ದ ಪಕ್ಕದ ಕೊಳವೆಗಳಿಗೆ ‘ಶೂನ್ಯ ಹಂತ’ ಎಂದು ಹೆಸರು. ಸೊಯೂಜ್‌ನಲ್ಲಿ ಅಂಥವೇ ಪಕ್ಕದವು ಒಂದನೆಯ ಹಂತ, ನಡುವಿನದು ಎರಡನೆಯದು. ನಮ್ಮ ಹಳೆಯ ಮನೆಗಳನ್ನು ಅಂಕಣದ ಲೆಕ್ಕದಲ್ಲಿ ಅಳೆಯುತ್ತಿದ್ದರು. ‘ಅಂಕಣ’ವನ್ನು ಇಲ್ಲಿಗೆ ತರಬಹುದೇ ಎಂದು ಯೋಚಿಸಿದೆ, ಆದರೆ ಅದು ಪತ್ರಿಕೆಯ ಅಂಕಣವೂ ಆಗಿಬಿಟ್ಟಿದೆ. ಯಾರಿಗಾದರೂ ಒಳ್ಳೆಯದು ಹೊಳೆದರೆ ಹೇಳಿ.

ಹಾಗೆಯೇ ಪಕ್ಕಕ್ಕೆ ಕಟ್ಟುವ ಆ ಕೊಳವೆಗಳಿಗೆ ‘ಪಟ್ಟಿ ಬೂಸ್ಟರ್’ ಎನ್ನುವುದನ್ನು ಎಲ್ಲೋ ಓದಿದೆ. ಪಟ್ಟಿ ಎಂದರೆ ಗಾಯ ನೆನಪಾಗುತ್ತದೆ. ತೇರು ಹೊರಡುವಾಗ ಗಾಲಿಗೆ ಸನ್ನೆ ಹಾಕುತ್ತಾರಲ್ಲ, ಆ ಮೊದಲ ಕದಲಿಕೆಗೆ ಬೇಕಾದ ಬಲ ಇದೂ. ಆದರೆ ಸನ್ನೆಕೋಲು ನೆಲದಲ್ಲೇ ಉಳಿಯುತ್ತದೆ, ಇದು ಒಂದಿಷ್ಟು ದೂರ ಜೊತೆಗೆ ಹೋಗಿ ಕಳಚಿಕೊಳ್ಳುತ್ತದೆ. ಸದ್ಯಕ್ಕೆ ಗೋಡೆಯ ಮೇಲೆ ‘ಪಕ್ಕದ ಬೂಸ್ಟರ್’ ಎಂದು ಬರೆಸಿದ್ದೇನೆ.

‘ಲಾಂಚ್ ವೆಹಿಕಲ್’ ಎಂದರೆ ಉಡಾವಣಾ ವಾಹನವೋ ವಾಹಕವೋ ಎಂಬ ಹಳೆಯ ಜಗಳವನ್ನು ದಯವಿಟ್ಟು ಇಲ್ಲಿಗೆ ಎಳೆಯಬೇಡಿ. ಬಸ್ಸಿನ ನಿರ್ವಾಹಕರವರೆಗೆ ಹೋಗಿ ಬಂದಿದ್ದೇವೆ, ಸಾಕು.

ತಲೆಬರಹಕ್ಕೆ ಬಿಟ್ಟಿರುವ ಜಾಗ ಆರಡಿ. ‘ಇಸ್ರೋ ರಾಕೆಟ್ ಮನೆತನ’ ಎಂಬುದನ್ನು ಪೇಂಟರ್ ಸೀಮೆಸುಣ್ಣದಲ್ಲಿ ತೆಳುವಾಗಿ ಬರೆದು ನೋಡಿದ್ದಾರೆ, ಸರಿಯಾಗಿ ಕೂರುತ್ತದೆ. ಸೋಮವಾರ ಬೆಳಿಗ್ಗೆ ಬಣ್ಣ ಹಚ್ಚುತ್ತಾರೆ. ಅಷ್ಟರೊಳಗೆ ಯಾರಾದರೂ ಇದಕ್ಕಿಂತ ಒಪ್ಪುವ ಪದ ಕೊಟ್ಟರೆ, ಸೀಮೆಸುಣ್ಣ ಒರೆಸಲು ಒಂದು ಒದ್ದೆ ಬಟ್ಟೆ ಸಾಕು.